ಪ್ರೊಫೈಲ್‌ನಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು

ಪ್ರಶ್ನೆ: ಮೇಡಂ, ನನಗೆ 32 ವರ್ಷ. ಚಳ್ಳಕೆರೆ ತಾಲ್ಲೂಕಿನ ಹಳ್ಳಿಯವನು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ನಮ್ಮ ಮನೆದೇವರು. ನನಗಿಂತ ಮುಂಚೆ ಹುಟ್ಟಿದ ಎರಡು ಮಕ್ಕಳು ಉಳಿಯಲಿಲ್ಲವಂತೆ. ಅಮ್ಮ ಹರಕೆ ಹೊತ್ತಳು, ನಾನು ಹುಟ್ಟಿದೆ, ತಿಪ್ಪೇಸ್ವಾಮಿ ಅಂತ ಹೆಸರಿಟ್ಟರು. ಊರಿನಲ್ಲಿದ್ದಷ್ಟು ದಿನ ಹೆಸರಿನ ಯೋಚನೆಯೇ ಇರಲಿಲ್ಲ, ನನ್ನ ಕ್ಲಾಸಿನಲ್ಲೇ ಮೂವರು ತಿಪ್ಪೇಸ್ವಾಮಿಗಳಿದ್ದೆವು. ಬೆಂಗಳೂರಿನಲ್ಲಿ ಹೆಸರು ಹೇಳಿದರೆ ಎದುರಿಗಿದ್ದವರು ನಗು ತಡೆದುಕೊಳ್ಳುತ್ತಾರೆ. ಆಫೀಸಿನಲ್ಲಿ ‘ಟಿಪ್ಪಿ’ ಅಂತಾರೆ.

ಮ್ಯಾಟ್ರಿಮೋನಿಯಲ್ಲಿ ಎರಡು ವರ್ಷ ಪ್ರೊಫೈಲ್ ಇತ್ತು. ಸಂಬಳ, ಓದು, ಫೋಟೊ ಎಲ್ಲ ಚೆನ್ನಾಗಿಯೇ ಇದೆ ಅಂತ ಗೆಳೆಯರು ಹೇಳಿದರು, ಆದರೂ ಕರೆ ಬಂದಿದ್ದು ಅಷ್ಟಕ್ಕಷ್ಟೆ. ಒಬ್ಬ ಹುಡುಗಿಯ ತಂದೆ ‘ಮಗಳಿಗೆ ಹೆಸರು ಹಿಡಿಸಲಿಲ್ಲ, ಬೇಜಾರು ಮಾಡ್ಕೋಬೇಡಿ’ ಅಂತ ನೇರವಾಗಿಯೇ ಹೇಳಿದರು. ಆಮೇಲೆ ಜೋಯಿಸರನ್ನು ಕೇಳಿದೆ. ‘ತೀ, ತೂ, ತೇ ಮೂರೂ ವಿಶಾಖ ನಕ್ಷತ್ರ, ತುಲಾ ರಾಶಿ, ಸಾಲಾವಳಿಗೆ ಏನೂ ಅಡ್ಡಿ ಇಲ್ಲ’ ಅಂದರು. ಪ್ರೊಫೈಲ್‌ನಲ್ಲಿ ತೇಜಸ್ ಅಂತ ಬದಲಿಸಿದೆ. ಒಂದೇ ತಿಂಗಳಲ್ಲಿ ಕರೆಗಳು ಬರತೊಡಗಿದವು.

ಅವರಲ್ಲಿ ತುಮಕೂರಿನ ಕಡೆಯ ಒಬ್ಬ ಶಿಕ್ಷಕಿಯ ಜೊತೆ ಮೂರು ತಿಂಗಳಿಂದ ಮಾತಾಡುತ್ತಿದ್ದೇನೆ. ಮೊದಲ ದಿನವೇ ‘ನಿಮ್ಮ ಹೆಸರು ತುಂಬ ಚೆನ್ನಾಗಿದೆ’ ಅಂದಿದ್ದರು. ಮುಂದಿನ ತಿಂಗಳು ಅವರ ಮನೆಯವರು ನಮ್ಮ ಊರಿಗೆ ಬರುತ್ತಾರೆ. ಹೋದ ವಾರ ಊರಿನಲ್ಲಿ ಫೋನ್ ಬಂದಾಗ ‘ತೇಜಸ್ ಮಾತಾಡ್ತಿದೀನಿ’ ಅಂದಿದ್ದು ಅಮ್ಮನ ಕಿವಿಗೆ ಬಿತ್ತು. ಏನೂ ಅನ್ನಲಿಲ್ಲ. ಊಟಕ್ಕಿಟ್ಟು ಒಳಗೆ ಹೋದಳು. ಅವತ್ತಿಂದ ನಿದ್ದೆ ಇಲ್ಲ. ಅವರು ಬರುವುದರೊಳಗೆ ಗೆಜೆಟ್‌ನಲ್ಲಿ ಹೆಸರು ಬದಲಿಸಿಬಿಟ್ಟರೆ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲ ಅಲ್ಲವೇ? ನಮ್ಮ ದೊಡ್ಡಮ್ಮನಂತೂ ‘ಬಿಡೋ, ಮದುವೆ ಆದ್ಮೇಲೆ ಹುಡುಗಿಗೂ ನಮ್ಮ ಮನೆ ಹೆಸರು ಇಡ್ತೀವಲ್ಲ, ಇಬ್ಬರದೂ ಬದಲಾಗ್ಲಿ’ ಅಂತಾರೆ. ಏನು ಮಾಡಲಿ?

ಉತ್ತರ: ತಿಪ್ಪೇಸ್ವಾಮಿಯವರೇ, ಈ ಅಂಕಣದಲ್ಲಿ ಪತ್ರ ಬರೆದವರ ಹೆಸರು ಹಾಕುವ ರೂಢಿ ಇಲ್ಲ. ನಿಮ್ಮದನ್ನು ಹಾಕಿದ್ದೇನೆ. ಚಿತ್ರದುರ್ಗ ಸೀಮೆಯಲ್ಲಿ ಬೀದಿಗಿಬ್ಬರಂತೆ ಇರುವ ಹೆಸರದು, ಅದರಿಂದ ನಿಮ್ಮ ಗುರುತು ಬಯಲಾಗುವುದಿಲ್ಲ. ಅಲ್ಲದೆ ನಿಮ್ಮ ಹೆಸರನ್ನು ಮುಚ್ಚಿಟ್ಟುಕೊಂಡು ಈ ಪತ್ರಕ್ಕೆ ಉತ್ತರ ಬರೆಯಲು ನನಗೆ ಮನಸ್ಸು ಬರಲಿಲ್ಲ.

ಮೊದಲು ಮಾಡಬೇಕಾದ ಕೆಲಸ ಹೇಳಿಬಿಡುತ್ತೇನೆ. ಆ ಶಿಕ್ಷಕಿಗೆ ನಿಮ್ಮ ಹೆಸರನ್ನು ಈ ವಾರವೇ ಹೇಳಿ. ಅವರ ಮನೆಯವರು ನಿಮ್ಮ ಊರಿಗೆ ಹೊರಡುವ ಮೊದಲು, ನಿಮ್ಮ ಬಾಯಿಂದಲೇ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ‘ತೇಜಸ್ ಅವರ ಮನೆ ಎಲ್ಲಿ?’ ಎಂದು ಅವರ ತಂದೆ ಕೇಳಿ, ‘ಅಂಥವರು ಇಲ್ಲಿ ಯಾರೂ ಇಲ್ಲವಲ್ಲ’ ಎಂದು ಊರಿನವರು ಅಂದರೆ, ಆ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿ ಏಳುವ ಅನುಮಾನ ಹೆಸರಿಗಷ್ಟೇ ನಿಲ್ಲುವುದಿಲ್ಲ. ಸಂಬಳ ಹೇಳಿದ್ದು ನಿಜವೇ, ಕೆಲಸ ನಿಜವೇ, ಮೊದಲೇ ಒಂದು ಮದುವೆ ಆಗಿದೆಯೇ ಎಂದೆಲ್ಲ ಹರಡುತ್ತದೆ. ಆನ್‌ಲೈನ್ ಸಂಬಂಧಗಳಲ್ಲಿ ಮೋಸಹೋದ ಕಥೆಗಳನ್ನು ದಿನವೂ ಕೇಳುವ ತಂದೆತಾಯಿಗಳು ಅವರು. ಅವರ ಅನುಮಾನವನ್ನು ತಪ್ಪೆನ್ನಲಾಗದು.

ಇನ್ನು ನಿಮ್ಮನ್ನು ಕೊರೆಯುತ್ತಿರುವ ಪ್ರಶ್ನೆ. ಹೆಸರಿನಿಂದ ನಿಜವಾಗಿಯೂ ಹೆಚ್ಚುಕಡಿಮೆ ಆಗುತ್ತದೆಯೇ? ಆಗುತ್ತದೆ. ‘ಹೆಸರಲ್ಲೇನಿದೆ ಬಿಡಿ’ ಎಂದು ನಿಮ್ಮನ್ನು ಸಮಾಧಾನ ಮಾಡಲಾರೆ, ಎರಡು ವರ್ಷ ಅನುಭವಿಸಿದವರು ನೀವು. ನಿಮ್ಮ ಅನುಭವ ಜರ್ಮನಿಯಲ್ಲಿಯೂ ದಾಖಲಾಗಿದೆ. ಜೊತೆಗಾರರನ್ನು ಹುಡುಕುವ ಅಲ್ಲಿನ ಒಂದು ಜಾಲತಾಣದ ಬಳಕೆದಾರರ ಬಗ್ಗೆ ಯೋಖೆನ್ ಗೆಬಾವರ್ ಮತ್ತು ಸಂಗಡಿಗರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಸರು, ವಯಸ್ಸಿನಂಥ ಒಂದೆರಡು ವಿವರ ಮಾತ್ರ ಕಣ್ಣಿಗೆ ಬಿದ್ದಾಗ ಜನ ಯಾರ ಪ್ರೊಫೈಲ್ ತೆರೆದು ನೋಡುತ್ತಾರೆ ಎಂಬುದು ಅವರ ಪ್ರಶ್ನೆ. ಅಲೆಕ್ಸಾಂಡರ್ ಎಂಬ ಹೆಸರಿನವರನ್ನು ಜನ ತೆರೆದು ನೋಡಿದ್ದು ಕೆವಿನ್ ಎಂಬ ಹೆಸರಿನವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು.

ಕೆವಿನ್‌ನಲ್ಲಿ ಅಂಥದ್ದೇನಿದೆ? ಉಚ್ಚಾರಣೆ ಕಷ್ಟವಿಲ್ಲ, ಕೆಟ್ಟ ಅರ್ಥವೂ ಇಲ್ಲ. ಐರ್ಲೆಂಡಿನಲ್ಲಿ ಅದು ಗ್ಲೆಂಡಲಾಕ್ ಕಣಿವೆಯಲ್ಲಿ ಮಠ ಕಟ್ಟಿದ ಸಂತರೊಬ್ಬರ ಹೆಸರು, ಇಂದಿಗೂ ಜನ ಅಲ್ಲಿಗೆ ಯಾತ್ರೆ ಹೋಗುತ್ತಾರೆ. ಜರ್ಮನಿಯಲ್ಲಿ ಆದದ್ದೇ ಬೇರೆ. 1990ರ ‘ಹೋಮ್ ಅಲೋನ್’ ಸಿನಿಮಾದ ಹುಡುಗನ ಹೆಸರು ಕೆವಿನ್. ಅದು ಬಂದ ಹೊತ್ತಿಗೆ ಸಾವಿರಾರು ಗಂಡುಮಕ್ಕಳಿಗೆ ಅಲ್ಲಿ ಆ ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಓದಿದ ಮೇಲುವರ್ಗದವರು ಆ ಹೆಸರನ್ನು ಬಡ, ಓದಿಲ್ಲದ ಮನೆಗಳ ಗುರುತೆಂದು ಮೂಗು ಮುರಿಯತೊಡಗಿದರು. ಹೆಸರು ಅದೇ, ಸಂತನೂ ಅವನೇ. ಕೇಳುವವರ ಊಹೆ ಮಾತ್ರ ಬದಲಾಯಿತು.

ನಿಮ್ಮ ವಿಷಯದಲ್ಲೂ ಹೀಗೆಯೇ ಆಗಿದೆ ಎಂದು ನಾನು ತಿಳಿದಿದ್ದೇನೆ. ತಿಪ್ಪೇಸ್ವಾಮಿ ಎಂದಾಗ ಬೆಂಗಳೂರಿನವರ ಕಿವಿಗೆ ಮೊದಲು ತಿಪ್ಪೆ ಬೀಳುತ್ತದೆ, ನಗು ಬರುತ್ತದೆ, ನಿಜ. ಆದರೆ ಮಗಳಿಗೆ ಗಂಡು ಹುಡುಕುವ ತಂದೆ ಬರೀ ಸದ್ದಿಗೆ ಹೆದರಿ ಸಂಬಂಧ ಬಿಡುವುದಿಲ್ಲ. ಆ ಹೆಸರಿನಲ್ಲಿ ಅವರು ಒಂದು ಊರನ್ನು ಓದುತ್ತಾರೆ. ಬರಗಾಲದ ಸೀಮೆ, ಶೇಂಗಾ ಹೊಲ, ದನದ ಕೊಟ್ಟಿಗೆ, ಸೀರೆಯ ಸೆರಗು ಸರಿಯಬಾರದೆನ್ನುವ ಅತ್ತೆ, ಹಬ್ಬ ಹರಿದಿನಕ್ಕೆ ಊರಿಗೆ ಬಂದು ಮೂವತ್ತು ಜನಕ್ಕೆ ಅಡುಗೆ ಮಾಡಬೇಕಾದ ಸೊಸೆ. ನಮ್ಮಲ್ಲಿ ಹೆಸರು ಊರು, ಜಾತಿ, ತಲೆಮಾರು ಮೂರನ್ನೂ ಹೇಳಿಬಿಡುತ್ತದೆ. ನಂಜುಂಡ ಎಂದರೆ ನಂಜನಗೂಡಿನ ಕಡೆ, ಮಾದೇವ ಎಂದರೆ ಮಲೆ ಮಹದೇಶ್ವರನ ಒಕ್ಕಲು, ಹುಲಿಗೆಮ್ಮ ಎಂದರೆ ಕೊಪ್ಪಳದ ಸುತ್ತಮುತ್ತ ಎಂದು ಹೆಸರು ಕೇಳಿದ ಕೂಡಲೇ ಲೆಕ್ಕ ಹಾಕುವ ಜನ ನಾವು. ತೇಜಸ್ ಎಂಬ ಹೆಸರಿಗೆ ಯಾವ ಊರೂ ಅಂಟಿಕೊಂಡಿಲ್ಲ. ಕರೆಗಳು ಬಂದಿದ್ದು ಅದಕ್ಕೇ.

ಹಳ್ಳಿಯ ಮನೆಗೆ ಮಗಳನ್ನು ಕೊಡಲು ಹಿಂಜರಿಯುವುದು ಇಂದು ಎಷ್ಟು ಬೆಳೆದಿದೆ ಎಂದರೆ 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಮಾಡಿದರು. ಅದನ್ನು ನೋಡಿ ನಕ್ಕವರು ಬಹಳ. ನನಗೆ ನಗು ಬರಲಿಲ್ಲ. ಆ ಯುವಕರ ನೋವು ನಿಜ. ಅಂಥ ಮನೆಗಳಲ್ಲಿ ತಮ್ಮ ತಾಯಂದಿರು ಸವೆದದ್ದನ್ನು ಕಣ್ಣಾರೆ ಕಂಡು ‘ನನಗೆ ಆ ಬದುಕು ಬೇಡ’ ಎನ್ನುವ ಹುಡುಗಿಯರ ಹೆದರಿಕೆಯೂ ಅಷ್ಟೇ ನಿಜ.

ಹಾಗಾಗಿ ನೀವು ಉತ್ತರ ಕೊಡಬೇಕಾದದ್ದು ಆ ಹೆದರಿಕೆಗೆ. ಮದುವೆಯಾದ ಮೇಲೆ ಎಲ್ಲಿ ಇರುತ್ತೀರಿ? ಅವರ ಕೆಲಸ ಏನಾಗುತ್ತದೆ? ಶಿಕ್ಷಕಿಯಾದವರು ಕೆಲಸ ಬಿಟ್ಟು ಬೆಂಗಳೂರಿಗೆ ಬರಬೇಕೇ, ಅಥವಾ ತುಮಕೂರಿನಲ್ಲಿ ಮನೆ ಮಾಡಿ ನೀವೇ ರೈಲಿನಲ್ಲಿ ಓಡಾಡುತ್ತೀರೇ? ಅಪ್ಪ ಅಮ್ಮನಿಗೆ ವಯಸ್ಸಾದಾಗ ನೋಡಿಕೊಳ್ಳುವವರು ಯಾರು, ನೀವೋ, ನಿಮ್ಮ ಹೆಂಡತಿಯೋ? ಅಡುಗೆ ನಿಮಗೆ ಬರುತ್ತದೆಯೇ? ಮೂರು ತಿಂಗಳು ಮಾತಾಡಿದ್ದೀರಿ, ಇವುಗಳಲ್ಲಿ ಒಂದರ ಬಗ್ಗೆಯೂ ಪತ್ರದಲ್ಲಿ ಒಂದು ಸಾಲಿಲ್ಲ. ಹೆಸರಿನ ಚಿಂತೆ ಉಳಿದ ಮಾತುಗಳನ್ನೆಲ್ಲ ತಿಂದುಹಾಕಿದೆ ಎಂದು ಕಾಣುತ್ತದೆ.

ನಿಮ್ಮ ಹೆಸರಿನ ಬಗ್ಗೆಯೇ ಎರಡು ಮಾತು ಹೇಳಬೇಕು, ಅದನ್ನು ನೀವು ಮರೆತ ಹಾಗಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮುಂದಿನ ಮಗುವಿಗೆ ಗುಂಡಪ್ಪ, ಕಲ್ಲಪ್ಪ, ತಿಪ್ಪಣ್ಣ, ತಿರುಕಪ್ಪ ಎಂದು ಹೆಸರಿಡುವುದು ನಮ್ಮ ನಾಡಿನ ಹಳೆಯ ನಡೆ. ಚೆಂದದ ಹೆಸರಿಗೆ ದೃಷ್ಟಿ ತಾಕೀತು, ಸಾವಿನ ಕಣ್ಣು ಬಿದ್ದೀತು ಎಂಬ ಭಯ. ಕಲ್ಲಿನಂತೆ ಬಾಳಲಿ, ತಿಪ್ಪೆಯಲ್ಲಿ ಬಿದ್ದದ್ದೆಂದು ಯಮನೂ ತಿರುಗಿ ನೋಡದಿರಲಿ ಎಂದು ಬೇಡಿಕೊಂಡು ಇಟ್ಟ ಹೆಸರುಗಳು ಅವು. ನಿಮಗೆ ಆ ಕಾರಣದ ಜೊತೆಗೆ ದೇವರ ಹೆಸರೂ ಸಿಕ್ಕಿದೆ. ಕೆರೆ ಕಟ್ಟಿಸಿದವರೆಂದು ಆ ಬರಡು ಸೀಮೆ ಇಂದಿಗೂ ನೆನೆಯುವ ಸಂತರ ಹೆಸರು. ಬೇಸಿಗೆಯ ಹೊಸ್ತಿಲಲ್ಲಿ ನಡೆಯುವ ಅವರ ತೇರಿಗೆ ಲಕ್ಷಾಂತರ ಜನ ಸೇರುತ್ತಾರೆ. ಅಕ್ಕಮಹಾದೇವಿಯ ಬದುಕನ್ನು ‘ಕದಳಿಯ ಕರ್ಪೂರ’ ಕಾದಂಬರಿಯಾಗಿಸಿದ, ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ಗೆ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿದ್ವಾಂಸರ ಹೆಸರು ಎಚ್. ತಿಪ್ಪೇರುದ್ರಸ್ವಾಮಿ. ಆ ಪುಸ್ತಕಗಳನ್ನು ಓದಿದವರಿಗೆ ಆ ಹೆಸರು ಕೇಳಿದರೆ ಗೌರವ ಹುಟ್ಟುತ್ತದೆ.

ಯಾವ ಹೆಸರಿನವರನ್ನು ಮದುವೆಯಾಗಬೇಕು, ಯಾವ ಹೆಸರಿನವರು ಬೇಡ ಎಂಬ ಯೋಚನೆ ಇಂದಿನದೇನೂ ಅಲ್ಲ. ನಕ್ಷತ್ರ, ಮರ, ನದಿ, ಬೆಟ್ಟ, ಹಕ್ಕಿ, ಹಾವುಗಳ ಹೆಸರಿರುವ ಹೆಣ್ಣನ್ನು ವರಿಸಬಾರದೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ಹೇಳುತ್ತದೆ. ಆ ಮಾತನ್ನು ಕೇಳಿದ್ದರೆ ಕನ್ನಡ ನಾಡಿನಲ್ಲಿ ಕಾವೇರಿ, ತುಂಗಾ, ಗಂಗಾ, ಶರಾವತಿ, ರೋಹಿಣಿ, ರೇವತಿ, ತುಳಸಿ ಯಾರಿಗೂ ಮದುವೆಯಾಗುತ್ತಿರಲಿಲ್ಲ. ನಮ್ಮ ಜನ ಕೇಳಲಿಲ್ಲ, ಹೊಳೆಗಳ ಹೆಸರನ್ನೇ ಆಸೆಪಟ್ಟು ಹೆಣ್ಣುಮಕ್ಕಳಿಗೆ ಇಟ್ಟರು. 1937ರಲ್ಲಿ ಪುಟ್ಟಪ್ಪ ಎಂಬ ಮಲೆನಾಡಿನ ಯುವಕ ಹೇಮಾವತಿ ಎಂಬ ಹೊಳೆಯ ಹೆಸರಿನ ಹೆಣ್ಣನ್ನು ಮದುವೆಯಾದರು. ಪುಟ್ಟಪ್ಪನವರನ್ನು ನಾವು ಕುವೆಂಪು ಎನ್ನುತ್ತೇವೆ. ಗಂಡಹೆಂಡಿರ ಒಲವನ್ನು ‘ಮೈಸೂರು ಮಲ್ಲಿಗೆ’ಯಲ್ಲಿ ಮನೆಮನೆಯ ಹಾಡಾಗಿಸಿದ ಕೆ.ಎಸ್. ನರಸಿಂಹಸ್ವಾಮಿಯವರ ಪತ್ನಿಯ ಹೆಸರು ವೆಂಕಮ್ಮ. ಇಂದಿನ ಜಾಲತಾಣದಲ್ಲಿ ವೆಂಕಮ್ಮ ಎಂಬ ಪ್ರೊಫೈಲನ್ನು ಎಷ್ಟು ಜನ ತೆರೆದು ನೋಡುತ್ತಾರೆ? ಆದರೆ ಕನ್ನಡದಲ್ಲಿ ಅಷ್ಟು ಪ್ರೀತಿ ಹುಟ್ಟಿದ್ದು ಆ ಹೆಸರಿನ ಹೆಣ್ಣುಮಗಳಿದ್ದ ಮನೆಯಲ್ಲಿ.

ಮನಶ್ಶಾಸ್ತ್ರದ ಒಂದು ಹಳೆಯ ಮಾತು ನಿಮಗೆ ಉಪಯೋಗವಾದೀತು. ಮೊದಲು ಅಪರಿಚಿತ ಎನಿಸಿದ ಪದ, ಚಿತ್ರ, ಮುಖ ಯಾವುದೇ ಆಗಲಿ, ಮತ್ತೆ ಮತ್ತೆ ಕಂಡಂತೆ ಕೇಳಿದಂತೆ ಮನಸ್ಸಿಗೆ ಹತ್ತಿರವಾಗುತ್ತದೆ ಎಂದು ರಾಬರ್ಟ್ ಝಾಯನ್ಸ್ 1968ರಲ್ಲಿಯೇ ತೋರಿಸಿದರು. ಹೆಸರು ಹಿಂದಕ್ಕೆ ತಳ್ಳುವುದು ಮೊದಲ ನೋಟದಲ್ಲಿ, ಬೆರಳು ತೆರೆಯ ಮೇಲೆ ಜಾರುವ ಆ ಒಂದು ಗಳಿಗೆಯಲ್ಲಿ. ಆ ಶಿಕ್ಷಕಿಯ ಮಟ್ಟಿಗೆ ಆ ಗಳಿಗೆ ದಾಟಿ ಮೂರು ತಿಂಗಳಾಗಿದೆ. ಅವರಿಗೆ ಈಗ ನಿಮ್ಮ ದನಿ ಗೊತ್ತು, ಕೋಪ ಗೊತ್ತು, ನಗು ಗೊತ್ತು. ತಿಪ್ಪೇಸ್ವಾಮಿ ಎಂಬ ಹೆಸರನ್ನು ಅವರು ಇವೆಲ್ಲದರ ಜೊತೆಯಲ್ಲಿ ಕೇಳುತ್ತಾರೆ.

ಗೆಜೆಟ್ ವಿಷಯಕ್ಕೆ ಬರೋಣ. ಹೆಸರು ಬದಲಿಸಿಕೊಳ್ಳುವುದು ನಿಮ್ಮ ಹಕ್ಕು. ಸಿಬಿಎಸ್‌ಇ ಅಂಕಪಟ್ಟಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೆಸರು ವ್ಯಕ್ತಿಯ ಗುರುತಿನ ಭಾಗ, ಅದರ ಮೇಲಿನ ಹಿಡಿತ ಸಂವಿಧಾನದ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದು ಹೇಳಿದೆ. ಅಫಿಡವಿಟ್, ಪತ್ರಿಕಾ ಪ್ರಕಟಣೆ, ರಾಜ್ಯಪತ್ರ, ಆಮೇಲೆ ಪ್ಯಾನ್, ಪಾಸ್‌ಪೋರ್ಟ್, ಬ್ಯಾಂಕ್, ಪಿಎಫ್ ಎಂದು ಒಂದರ ಹಿಂದೊಂದು ಓಡಾಟ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ತಿದ್ದಲು ಅವಕಾಶ. ಹಳೆಯ ಅಂಕಪಟ್ಟಿ, ಊರಿನ ಪಹಣಿ, ಮತದಾರರ ಪಟ್ಟಿಗಳಲ್ಲಿ ಹಳೆಯ ಹೆಸರು ಬಹುಕಾಲ ಉಳಿದೇ ಇರುತ್ತದೆ. ಇಷ್ಟೆಲ್ಲ ಇದ್ದರೂ ‘ಈ ಹೆಸರಿನಲ್ಲಿ ನಾನು ನಾನಾಗಿ ಇರಲಾರೆ’ ಎಂದು ನಿಮಗೆ ಅನಿಸಿದರೆ ಖಂಡಿತ ಬದಲಿಸಿಕೊಳ್ಳಿ, ನಾನು ನಿಮ್ಮ ಪರ. ಆದರೆ ಪತ್ರದಲ್ಲಿ ನೀವು ಕೇಳಿರುವುದು ಬೇರೆ. ಆಗಲೇ ಹೇಳಿಬಿಟ್ಟ ಸುಳ್ಳನ್ನು ಒಂದು ತಿಂಗಳೊಳಗೆ ಕಾಗದದ ಮೇಲೆ ನಿಜ ಮಾಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ರಾಜ್ಯಪತ್ರದಲ್ಲಿ ಹಳೆಯ ಹೆಸರೂ ಅಚ್ಚಾಗುತ್ತದೆ. ಬಿಡಿ, ಅಚ್ಚಾಗದಿದ್ದರೂ ಮೂರು ತಿಂಗಳು ಅವರು ನಂಬಿದ್ದು ನೀವು ಮೊದಲಿನಿಂದಲೂ ತೇಜಸ್ ಎಂದು, ಅದನ್ನು ಯಾವ ಕಾಗದವೂ ನಿಜ ಮಾಡಲಾರದು.

ಬದಲಾದ ಹೆಸರೆಲ್ಲ ಸುಳ್ಳು ಎಂದು ನನ್ನ ಮಾತಿನ ಅರ್ಥವಲ್ಲ. ಸಿಂಗಾನಲ್ಲೂರಿನ ಮುತ್ತುರಾಜರು 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. ಪಾರ್ವತಮ್ಮನವರು ಅವರ ಕೈಹಿಡಿದದ್ದು ಅದಕ್ಕೂ ಹಿಂದಿನ ವರ್ಷ. ಅವರು ಮದುವೆಯಾದದ್ದು ಮುತ್ತುರಾಜನನ್ನು, ಆಮೇಲೆ ನಾಡಿನ ಜೊತೆಗೆ ತಾವೂ ಹೊಸ ಹೆಸರಿಗೆ ಒಗ್ಗಿಕೊಂಡರು. ಎಲ್ಲರೆದುರು ಬದಲಾದ ಹೆಸರು ಅದು. ನಿಮ್ಮ ತೇಜಸ್ ಇರುವುದು ಒಬ್ಬರ ಫೋನಿನಲ್ಲಿ ಮಾತ್ರ, ನಿಮ್ಮ ತಾಯಿಗೆ ಕೂಡ ಗೊತ್ತಿರಲಿಲ್ಲ.

ಹೇಗೆ ಹೇಳುವುದು? ವಾಟ್ಸ್‌ಆ್ಯಪ್‌ನಲ್ಲಿ ಬರೆಯಬೇಡಿ. ಸಾಧ್ಯವಾದರೆ ಒಂದು ಭಾನುವಾರ ತುಮಕೂರಿಗೆ ಹೋಗಿ ಎದುರಿಗೆ ಕೂತು ಹೇಳಿ, ಆಗದಿದ್ದರೆ ಫೋನಿನಲ್ಲಿ. ‘ನಿಮಗೊಂದು ಸರ್‌ಪ್ರೈಸ್’ ಎಂದು ತಮಾಷೆಯಾಗಿ ಶುರು ಮಾಡಬೇಡಿ. ಹೆದರಿದವರು ತಮಾಷೆಯ ಹಿಂದೆ ಅಡಗುತ್ತಾರೆ, ಕೇಳುವವರಿಗೆ ಅದು ಹಗುರವಾಗಿ ತೆಗೆದುಕೊಂಡಂತೆ ಕಾಣುತ್ತದೆ. ‘ನನ್ನ ನಿಜವಾದ ಹೆಸರು ತಿಪ್ಪೇಸ್ವಾಮಿ. ಅದೇ ಹೆಸರಿನಲ್ಲಿ ಎರಡು ವರ್ಷ ಪ್ರೊಫೈಲ್ ಇತ್ತು, ಹೆಚ್ಚು ಕರೆ ಬರಲಿಲ್ಲ. ನಾಚಿಕೆಯಾಗಿ ಬದಲಿಸಿದೆ. ನಿಮ್ಮ ಹತ್ತಿರ ಮೊದಲ ವಾರವೇ ಹೇಳಬೇಕಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು. ಉಳಿದದ್ದೆಲ್ಲ ನಿಜ, ಏನು ಬೇಕಾದರೂ ಕೇಳಿ, ಕಾಗದಪತ್ರ ತೋರಿಸುತ್ತೇನೆ.’ ಇಷ್ಟು ಸಾಕು. ಇದನ್ನು ಮೊದಲು ಹೇಳಿ. ಅಮ್ಮನ ಹರಕೆಯ ಕಥೆ ಆಮೇಲೆ, ಅವರು ಕೇಳಿದರೆ. ಅದನ್ನೇ ಮುಂದಿಟ್ಟರೆ ಅವರು ಸಿಟ್ಟು ಮಾಡಿಕೊಳ್ಳುವ ದಾರಿಯನ್ನೇ ಮುಚ್ಚಿದಂತಾಗುತ್ತದೆ. ಸಿಟ್ಟು ಬರುವ ಹಕ್ಕು ಅವರಿಗಿದೆ.

ಒಂದೆರಡು ದಿನ ಅವರು ಮಾತಾಡದೆ ಇರಬಹುದು. ಮೇಲಿಂದ ಮೇಲೆ ಕರೆ ಮಾಡಬೇಡಿ. ಮನೆಯವರಿಗೆ ಯಾವಾಗ, ಹೇಗೆ ತಿಳಿಸುವುದು ಎಂಬುದನ್ನು ಅವರಿಗೇ ಬಿಡಿ. ‘ನಾನೇ ಬಂದು ಹೇಳಲೇ?’ ಎಂದು ಕೇಳಿ. ಒಂದು ವೇಳೆ ಬೇಡವೆಂದರೆ, ಅದಕ್ಕೆ ನಿಮ್ಮ ಹೆಸರು ಕಾರಣ ಎಂದು ಖಂಡಿತ ತಿಳಿಯಬೇಡಿ, ಮುಚ್ಚಿಟ್ಟದ್ದು ಕಾರಣವಾಗಿರುತ್ತದೆ. ಆಮೇಲೆ ಪ್ರೊಫೈಲ್‌ನಲ್ಲಿ ಪೂರ್ತಿ ಹೆಸರು ಹಾಕಿ, ಅದರ ಕೆಳಗೆ ನೀವು ಬೆಂಗಳೂರಿನಲ್ಲೇ ಇರುತ್ತೀರೋ ಊರಿಗೆ ಮರಳುತ್ತೀರೋ, ಹೆಂಡತಿಯ ಕೆಲಸದ ಬಗ್ಗೆ ಏನು ಎಣಿಸಿದ್ದೀರಿ ಎಂಬುದನ್ನು ಮೂರು ಸಾಲಿನಲ್ಲಿ ಬರೆಯಿರಿ. ಬರುವ ಕರೆಗಳು ಕಡಿಮೆಯೇ ಇರಬಹುದು. ಕರೆ ಮಾಡುವವರು ಆ ಮೂರು ಸಾಲು ಓದಿಯೇ ಮಾಡಿರುತ್ತಾರೆ.

ಕರೆಯುವ ಹೆಸರೊಂದು ಬೇಕೆಂದರೆ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಆಫೀಸಿನವರಿಗೆ ‘ಟಿಪ್ಪಿ ಬೇಡ, ಸ್ವಾಮಿ ಅನ್ನಿ’ ಎಂದು ಹೇಳಲು ನಿಮ್ಮನ್ನು ಯಾರೂ ತಡೆದಿಲ್ಲ. ಇಷ್ಟು ವರ್ಷ ಹೇಳದೆ ಸಹಿಸಿದ್ದಕ್ಕೆ ನನಗೆ ಬೇಸರವಿದೆ. ಹಿಂದಿನ ಕಾಲದ ಹೆಂಡತಿಯರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಲೇ ಇರಲಿಲ್ಲ, ಉತ್ತರ ಕರ್ನಾಟಕದ ಕಡೆ ಒಡಪು ಕಟ್ಟಿ ಅದರೊಳಗೆ ಇಟ್ಟು ಹೇಳುತ್ತಿದ್ದರು. ಇಂದಿನವರು ತಮಗೆ ಬೇಕಾದಂತೆ ಕರೆಯುತ್ತಾರೆ. ನಿಮ್ಮ ಹೆಂಡತಿಯಾಗುವವರು ಏನೆಂದು ಕರೆಯಬೇಕೆಂಬುದನ್ನು ಅವರೇ ಕಂಡುಕೊಳ್ಳಲಿ.

ನಿಮ್ಮ ತಾಯಿಯ ಹತ್ತಿರ ಈ ವಾರಾಂತ್ಯವೇ ಕೂತು ಮಾತಾಡಿ. ಅವರು ಏನೂ ಅನ್ನದೆ ಊಟಕ್ಕಿಟ್ಟರು ಎಂದು ಬರೆದಿದ್ದೀರಿ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು ಅದು. ಎರಡು ಮಕ್ಕಳನ್ನು ಕಳೆದುಕೊಂಡವರು ಆ ಹೆಸರನ್ನು ಎಷ್ಟು ಭಯದಲ್ಲಿ, ಎಷ್ಟು ಆಸೆಯಲ್ಲಿ ಮೊದಲ ಸಲ ಕರೆದಿದ್ದರೋ. ಬೆಂಗಳೂರಿನಲ್ಲಿ ಆ ಹೆಸರಿನಿಂದ ನಿಮಗೆ ಆದದ್ದು ಅವರಿಗೆ ಗೊತ್ತಿರಲಾರದು. ಅದನ್ನು ಅವರಿಗೆ ಹೇಳಿ. ನಿಮ್ಮ ಮೊದಲು ಹುಟ್ಟಿದ ಆ ಮಕ್ಕಳಿಗೆ ಏನು ಹೆಸರಿಟ್ಟಿದ್ದರು ಎಂದೂ ಕೇಳಿ.

ಕೊನೆಗೆ ನಿಮ್ಮ ದೊಡ್ಡಮ್ಮನವರ ಮಾತು. ನೀವು ಅದನ್ನು ಸುಮ್ಮನೆ ಬರೆದು ಮುಂದೆ ಹೋಗಿದ್ದೀರಿ, ನಾನು ಹೋಗಲಾರೆ. ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದು, ಇಪ್ಪತ್ತೆರಡು ಇಪ್ಪತ್ತೈದು ವರ್ಷ ಕರೆಸಿಕೊಂಡ ಹೆಸರನ್ನು ಹೆಣ್ಣಿನಿಂದ ಬಿಡಿಸುವ ಶಾಸ್ತ್ರ ನಮ್ಮ ಹಲವು ಸಮುದಾಯಗಳಲ್ಲಿ ಇತ್ತು, ಕೆಲವು ಕಡೆ ಇನ್ನೂ ಇದೆ. ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಇತರರಿಗೆ ಹಿಡಿಸಲಿಲ್ಲ ಎಂಬ ಕಾರಣಕ್ಕೆ ಸ್ವಂತ ಹೆಸರನ್ನು ಬಿಡುವುದು ಏನೆಂದು ನಿಮಗೆ ಈಗ ಗೊತ್ತಿದೆ. ‘ಅವರ ಹೆಸರು ಅವರದು, ಅದನ್ನು ಬದಲಿಸುವ ಮಾತು ನಮ್ಮ ಮನೆಯಲ್ಲಿ ಬೇಡ’ ಎಂದು ದೊಡ್ಡಮ್ಮನಿಗೆ ಪ್ರೀತಿಯಿಂದ, ಗಟ್ಟಿಯಾಗಿ ಹೇಳಿ. ಹುಡುಗಿಯ ಮನೆಯವರು ಬರುವ ಮೊದಲೇ ಹೇಳಿ.